ಸೊನ್ನೆಗೆ ನಿಲ್ಲಿಸದ ವೀರಭದ್ರಯ್ಯ

ಗವಿಪುರಂನ ವೀರಭದ್ರಯ್ಯನವರು ತಮ್ಮ ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ಯಾವ ಸಂಖ್ಯೆಯನ್ನೂ ಸೊನ್ನೆಗೆ ನಿಲ್ಲಿಸಿದವರಲ್ಲ. ಇದನ್ನು ಹೊಗಳಿಕೆ ಎಂದು ಯಾರೂ ತಪ್ಪು ತಿಳಿಯಬಾರದು. ಇರುವೆಗೂ ದಾರಿ ಬಿಟ್ಟು ನಡೆಯುವ ಈ ಮನುಷ್ಯ, ಈ ಒಂದೇ ಗುಣದಿಂದ ಅರ್ಧ ಬಡಾವಣೆಯ ಬಾಯಿಂದ ಒಂದು ವರ್ಷ ಉಪ್ಪು ಕಸಿದುಕೊಂಡರು.

ಅವರದು ಮಾಮೂಲ್‌ಪೇಟೆಯಲ್ಲಿ ಮುಯ್ಯಿ ಕವರಿನ ಅಂಗಡಿ. ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಹೋದವರು ದುಡ್ಡಿಟ್ಟು ಕೊಡುತ್ತಾರಲ್ಲ, ಮೇಲೆ ಗಣಪತಿಯ ಚಿತ್ರವಿದ್ದು ಮೂಲೆಯಲ್ಲಿ ಒಂದು ರೂಪಾಯಿಯ ನಾಣ್ಯ ಅಂಟಿಸಿರುತ್ತದಲ್ಲ, ಆ ಕವರು. ನಾಣ್ಯ ಅಂಟಿಸುವ ಕೆಲಸವನ್ನು ಅವರು ಮೂವತ್ತೊಂಬತ್ತು ವರ್ಷ ಯಾರಿಗೂ ಬಿಟ್ಟುಕೊಡಲಿಲ್ಲ. ಐನೂರು ಕೊಟ್ಟರೆ ಅಲ್ಲಿಗೆ ಮುಗಿಯಿತು, ಐನೂರ ಒಂದು ಕೊಟ್ಟರೆ ಆ ಒಂದರಿಂದ ಸಂಬಂಧ ಮುಂದುವರಿಯುತ್ತದೆ ಎನ್ನುವುದು ಅವರ ನಂಬಿಕೆ. ಅವರೊಬ್ಬರದೇ ಏನಲ್ಲ, ಊರಿನದೂ ಅದೇ. ಆದರೆ ಊರು ಆ ನಂಬಿಕೆಯನ್ನು ಛತ್ರದಲ್ಲೇ ಬಿಟ್ಟು ಬರುತ್ತದೆ, ವೀರಭದ್ರಯ್ಯನವರು ಮನೆಗೂ ತಂದರು. ಹತ್ತು ನಿಂಬೆಹಣ್ಣು ಕೊಳ್ಳುತ್ತಿರಲಿಲ್ಲ, ಹನ್ನೊಂದು. ಹೆಂಡತಿ ಶೈಲಜಮ್ಮ ಇಪ್ಪತ್ತು ಚಪಾತಿ ಲಟ್ಟಿಸಿ ಒಲೆ ಆರಿಸಿದರೆ, ಇನ್ನೊಂದಕ್ಕೆ ಹಿಟ್ಟಿಲ್ಲವೇ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಡುತ್ತಿದ್ದರು. ಆಕೆ ಎಷ್ಟೋ ವರ್ಷದಿಂದ ಮೊದಲೇ ಇಪ್ಪತ್ತೊಂದು ಉಂಡೆ ಕಟ್ಟಿಟ್ಟುಕೊಳ್ಳುತ್ತಿದ್ದರು.

ಜನ ಫೋನಿನಲ್ಲೇ ಮುಯ್ಯಿ ಕಳಿಸಲು ಶುರುಮಾಡಿದ ಮೇಲೆ ಅಂಗಡಿ ಮುಚ್ಚಿತು. ಫೋನಿನಲ್ಲೂ ಐನೂರ ಒಂದನ್ನೇ ಕಳಿಸುತ್ತಾರೆಂದು ತಿಳಿದಾಗ ಅವರ ಅರ್ಧ ದುಃಖ ಇಳಿಯಿತು. ಉಳಿದರ್ಧಕ್ಕೆ ಏನಾದರೂ ಕೆಲಸ ಬೇಕಿತ್ತು. ಆಗಲೇ ಚಾಮರಾಜಪೇಟೆಯ ಒಂದು ಆರೋಗ್ಯ ಸಂಶೋಧನಾ ಕೇಂದ್ರದವರು, ಗವಿಪುರಂನಲ್ಲಿ ಅರವತ್ತು ದಾಟಿದ ಮುನ್ನೂರು ಜನರ ಬಿ.ಪಿ. ಅಳೆಯಲು ಆಳು ಹುಡುಕುತ್ತಿದ್ದರು. ಅವರು ಮೊದಲು ಕಳಿಸಿದ್ದವರನ್ನು ಜನ ಸಾಲ ಕೊಡುವ ಬ್ಯಾಂಕಿನವರೆಂದು ತಿಳಿದು ಬಾಗಿಲೇ ತೆಗೆದಿರಲಿಲ್ಲ. ವೀರಭದ್ರಯ್ಯನವರಿಗೆ ತೆರೆಯದ ಬಾಗಿಲು ಗವಿಪುರಂನಲ್ಲಿ ಇರಲಿಲ್ಲ. ಮೂರು ದಿನ ತರಬೇತಿ ಕೊಟ್ಟು, ಕೊರಳಿಗೊಂದು ಸ್ಟೆತಸ್ಕೋಪು, ಕೈಗೊಂದು ಮುಳ್ಳಿನ ಬಿ.ಪಿ. ಯಂತ್ರ, ಬಗಲಿಗೊಂದು ಫಾರಂಗಳ ಚೀಲ ಕೊಟ್ಟು ಕಳಿಸಿದರು. ಮೊದಲ ಬಡಿತ ಕೇಳಿಸಿದಾಗ ಮುಳ್ಳು ಎಲ್ಲಿತ್ತೋ ಆ ಮೇಲಿನ ಅಂಕಿಯನ್ನೇ ಬರೆಯಬೇಕು ಎಂದು ಮೂರು ಸಲ ಹೇಳಿದ್ದರು. ಅವರು ಮೂರು ಸಲವೂ ತಲೆಯಾಡಿಸಿದ್ದರು.

ತಲೆಯಾಡಿಸಿದ್ದು ಸುಳ್ಳಲ್ಲ. ಮೊದಲ ಮನೆಯಲ್ಲಿ ಮುಳ್ಳು ನೂರ ಇಪ್ಪತ್ತರಲ್ಲಿ ನಿಂತಿತು. ಫಾರಂನಲ್ಲಿ ನೂರ ಇಪ್ಪತ್ತು ಎಂದು ಬರೆಯಲು ಹೋದವರ ಕೈ ಗಕ್ಕನೆ ನಿಂತಿತು. ಒಬ್ಬ ಜೀವಂತ ಮನುಷ್ಯನ ರಕ್ತವನ್ನು, ಅದೂ ಪಾಪ ಕಾಫಿ ಕೊಟ್ಟವನ ರಕ್ತವನ್ನು, ಸೊನ್ನೆಗೆ ನಿಲ್ಲಿಸುವುದೆಂದರೇನು? ನೂರ ಇಪ್ಪತ್ತೊಂದು ಎಂದು ಬರೆದರು, ಮನಸ್ಸು ಹಗುರವಾಯಿತು. ಎರಡನೆಯ ಮನೆಯಲ್ಲಿ ನೂರ ಇಪ್ಪತ್ತೆರಡು ಬಂತು. ಕೊಡುವಾಗ ಎರಡು, ನಾಲ್ಕು ಎಂದು ಚೂರುಪಾರು ಕೊಡುವುದು ಅವರ ವಂಶದಲ್ಲೇ ಇರಲಿಲ್ಲ. ಮುಂದಿನ ಹತ್ತಕ್ಕೆ ಏರಿಸಿ ನೂರ ಮೂವತ್ತು ಮಾಡಿದರು, ಮೇಲೊಂದು ಇಟ್ಟರು. ಹೀಗೆ ಮನೆಮನೆಗೂ ತಮ್ಮ ಕೈಲಾದ ಆಶೀರ್ವಾದ ಹಂಚುತ್ತ ಹೋದರು. ಮುನ್ನೂರು ಜನರ ಅಳತೆ ಮುಗಿದ ಸಂಜೆ ಹೆಂಡತಿಯನ್ನು ಕೂರಿಸಿ ಆಕೆಯದನ್ನೂ ಅಳೆದು, ಮುನ್ನೂರ ಒಂದು ಮಾಡಿ ಚೀಲ ಒಪ್ಪಿಸಿದರು.

ಈಗ ಕೇಂದ್ರದ ನಿಯಮವೇನೆಂದರೆ, ನೂರ ನಲವತ್ತು ದಾಟಿದವರಿಗೆ ಒಂದು ಹಳದಿ ಚೀಟಿ: ಉಪ್ಪು ಬಿಡಿ, ಡಾಕ್ಟರನ್ನು ಕಾಣಿ. ನೂರ ಮೂವತ್ತೆರಡು ಇದ್ದವರೂ ನೂರ ನಲವತ್ತೊಂದಾದ ಮೇಲೆ ಚೀಟಿಗೇನು ಬರ? ಗವಿಪುರಂನಲ್ಲಿ ನೂರ ಎಂಬತ್ತಾರು ಹಳದಿ ಚೀಟಿ ಹೋದವು. ಚೀಟಿ ಹಿಡಿದು ಡಾಕ್ಟರ ಬಳಿ ಹೋದವರಿಗೆ ಬಿ.ಪಿ. ಸರಿಯಾಗಿಯೇ ಇತ್ತು. ನೋಡಿದಿರಾ, ನಾಲ್ಕು ದಿನ ಉಪ್ಪು ಬಿಟ್ಟದ್ದಕ್ಕೆ ಹೇಗೆ ಇಳಿಯಿತು ಎಂದು ಅವರು ವೀರಭದ್ರಯ್ಯನವರಿಗೇ ಕೈಮುಗಿದು, ಸಪ್ಪೆ ಊಟವನ್ನೇ ಮುಂದುವರಿಸಿದರು.

ಅವರ ನಲವತ್ತು ವರ್ಷದ ಗೆಳೆಯ ಬದರೀನಾರಾಯಣ ಮಾತ್ರ ಡಾಕ್ಟರ ಬಳಿ ಹೋಗಲಿಲ್ಲ. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದ ಅವರಿಗೆ ಪ್ರಪಂಚದಲ್ಲಿ ಇದ್ದ ಆಸೆಗಳು ಎರಡೇ. ಬೆಳಿಗ್ಗೆ ವೀರಭದ್ರಯ್ಯನವರ ಜೊತೆ ಗುಡ್ಡದ ಸುತ್ತ ನಡೆಯುವುದು, ಮಧ್ಯಾಹ್ನ ಮೊಸರನ್ನಕ್ಕೆ ಮಾವಿನ ಮಿಡಿ ಉಪ್ಪಿನಕಾಯಿ. "ಡಾಕ್ಟರು ಯಾಕ್ರೀ, ನೀವೇ ಹೇಳಿದ ಮೇಲೆ ಮುಗೀತು," ಎಂದು ಅವರು ಚೀಟಿಯನ್ನು ಸೊಸೆ ತನ್ಮಯಿಯ ಕೈಗೆ ಕೊಟ್ಟರು. ಆಕೆ ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿ, ಮಿಡಿಯ ಜಾಡಿಯನ್ನು ತ್ಯಾಗರಾಜನಗರದ ತವರಿಗೆ ಸಾಗಿಸಿದಳು. ಅಂದಿನಿಂದ ಅವರು ಸಪ್ಪೆ ತಿಂದು, ಸಪ್ಪೆ ಮುಖ ಮಾಡಿಕೊಂಡೇ ನಡೆಯಲು ಬರುತ್ತಿದ್ದರು. ವೀರಭದ್ರಯ್ಯನವರು ಪಕ್ಕದಲ್ಲಿ ಸಮಾಧಾನ ಹೇಳುತ್ತ ನಡೆಯುತ್ತಿದ್ದರು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ನಾಗಭೂಷಣ್ ಅವರಿಗೆ ಈ ಚೀಟಿಗಳ ಸಂಖ್ಯೆ ನೋಡಿ ರೋಮಾಂಚನವಾಗಿತ್ತು. ಬೇರೆಲ್ಲೂ ಇಲ್ಲದ ಬಿ.ಪಿ. ಗವಿಪುರಂನಲ್ಲೇ ಏಕೆ? ಮೂರು ದಿನ ಯೋಚಿಸಿ, ಅಲ್ಲಿನ ಏರು ರಸ್ತೆಗಳೇ ಕಾರಣವೆಂದು ಕಂಡುಹಿಡಿದರು. ಇಬ್ಬರನ್ನು ಕಳಿಸಿ ಎಲ್ಲ ರಸ್ತೆಗಳ ಏರು ಅಳೆಸಿ, ಬಣ್ಣದ ನಕ್ಷೆಯನ್ನೂ ಮಾಡಿಸಿದರು. ಅಷ್ಟರಲ್ಲಿ ವರ್ಷ ಮುಗಿಯುತ್ತ ಬಂದಿತ್ತು. ಅಂಕಿ ಅಂಶ ನೋಡಲು ಹೊಸದಾಗಿ ಸೇರಿದ್ದ ಬಸವನಗುಡಿಯ ಹುಡುಗಿ ಡಾಕ್ಟರ್ ಸುಪ್ರಜಾ, "ಸರ್, ಹೋಗುವಾಗ ಏರು ಇದ್ರೆ ಬರುವಾಗ ಇಳಿಜಾರಲ್ವಾ?" ಎಂದಳು. ಅವರು ನಕ್ಷೆಯನ್ನು ಸುರುಳಿ ಸುತ್ತಿಟ್ಟು, ಮೊದಲು ಅಂಕಿ ಪರಿಶೀಲಿಸಮ್ಮ ಎಂದರು. ಆಕೆ ಪರಿಶೀಲಿಸಿದಳು. ಮುನ್ನೂರ ಒಂದು ಜನರ ಬಿ.ಪಿ.ಯೂ ಒಂದರಲ್ಲೇ ಮುಗಿದಿತ್ತು.

ಮರುದಿನ ವೀರಭದ್ರಯ್ಯನವರನ್ನು ಕರೆಸಿ ಕೂರಿಸಿ ಯಂತ್ರವನ್ನು ಮುಂದಿಟ್ಟಳು.

"ಅಂಕಲ್, ಇದರಲ್ಲಿ ಒಂದೊಂದು ಗೀಟಿಗೂ ಎರಡೆರಡು. ಬೆಸ ಸಂಖ್ಯೆ ಇದರಲ್ಲಿ ಇಲ್ವೇ ಇಲ್ಲ. ನೂರ ನಲವತ್ತೊಂದು ನಿಮಗೆ ಎಲ್ಲಿ ಕಾಣಿಸ್ತು?"

"ಯಂತ್ರದಲ್ಲಿ ಕಾಣಿಸ್ಲಿಲ್ಲ ಡಾಕ್ಟ್ರಮ್ಮ. ಮುಂದಿನ ಹತ್ತಕ್ಕೆ ಏರಿಸಿ, ಮೇಲೊಂದು ನಾನು ಇಟ್ಟಿದ್ದು."

"ಯಾಕೆ?"

"ಸೊನ್ನೆಗೆ ಹೆಂಗೆ ನಿಲ್ಸೋದು?" ಎಂದು ಅವರು ಬಹಳ ಸಹಜವಾಗಿ ಕೇಳಿದರು. "ನಿಮ್ಮನೇಲಿ ನಿಲ್ಲಿಸ್ತೀರಾ?"

ಸುಪ್ರಜಾ ಹಿಂದಿನ ಭಾನುವಾರವಷ್ಟೇ ಅತ್ತೆಯ ಮಗಳ ಮದುವೆಯಲ್ಲಿ ಎರಡು ಸಾವಿರದ ಒಂದು ಕೊಟ್ಟು ಬಂದಿದ್ದಳು. ಅವಳಿಗೆ ಪೂರ್ತಿ ಅರ್ಥವಾಯಿತು, ಅದೇ ಅವಳ ಕಷ್ಟವಾಯಿತು. ಹೋಗಲಿ, ಎಲ್ಲದರಲ್ಲೂ ಒಂದು ಕಳೆದುಬಿಡೋಣ ಎಂದು ನಾಗಭೂಷಣ್ ಉದಾರವಾಗಿ ಹೇಳಿದರು. ಅವರಿಗೆ ನಕ್ಷೆ ಉಳಿಯಬೇಕಿತ್ತು.

"ಒಂದು ಕಳೀಬಹುದು ಸರ್. ಆದ್ರೆ ನೂರ ನಲವತ್ತಕ್ಕೆ ಏರಿಸೋ ಮುಂಚೆ ಎಷ್ಟಿತ್ತು ಅನ್ನೋದನ್ನ ಎಲ್ಲಿಂದ ತರೋದು? ಮತ್ತೆ ಅಳೀಬೇಕು. ಅಳೆದಿದ್ದೂ, ತಪ್ಪಾಗಿದ್ದೂ ಎರಡನ್ನೂ ವರದೀಲಿ ಬರೀಬೇಕು."

ಹಾಗೆಂದು ಬರೆಯಲು ಕುಳಿತೇಬಿಟ್ಟಳು. ಬರೆದದ್ದನ್ನು ವೀರಭದ್ರಯ್ಯನವರಿಗೆ ಕನ್ನಡದಲ್ಲಿ ಓದಿ ಹೇಳಿದಳು: ಒಬ್ಬ ಅಳತೆಗಾರರು ಎಲ್ಲ ಸಂಖ್ಯೆಗಳನ್ನು ಮುಂದಿನ ಹತ್ತಕ್ಕೆ ಏರಿಸಿ, ಒಂದನ್ನು ಸೇರಿಸಿದ್ದರು.

"ಒಳ್ಳೇದಾಗ್ಲಿ ಅಂತ ಸೇರಿಸಿದ್ರು, ಅಂತ ಹಾಕಬಹುದಾ ಅಮ್ಮ?"

"ಅದಕ್ಕೆ ಜಾಗ ಇಲ್ಲ ಅಂಕಲ್."

ವೀರಭದ್ರಯ್ಯನವರಿಗೆ ಆ ವಾಕ್ಯದಿಂದ ಅವಮಾನವಾಗಲಿಲ್ಲ. ಕಾಡಿದ್ದು ಬೇರೆ. ಮುನ್ನೂರ ಒಂದು ಫಾರಂಗಳಲ್ಲಿ ಏರಿಸುವ ಮುಂಚಿನ ಸಂಖ್ಯೆ ಅವರಿಗೆ ನೆನಪಿದ್ದದ್ದು ಒಂದರದೇ. ಗೆಳೆಯನ ತೋಳಿಗೆ ಪಟ್ಟಿ ಸುತ್ತಿದ್ದ ಆ ಬೆಳಿಗ್ಗೆ ಮುಳ್ಳು ನಿಂತದ್ದು ನೂರ ಮೂವತ್ತೆರಡರಲ್ಲಿ. ಗೆಳೆಯನಾದ್ದರಿಂದ ಇನ್ನಷ್ಟು ಸಂತೋಷದಿಂದಲೇ ಏರಿಸಿದ್ದರು. ಈಗ ಇದನ್ನು ಹೇಳಿದರೆ ನಲವತ್ತು ವರ್ಷದ ಸ್ನೇಹ ಅಲ್ಲಿಗೆ ನಿಲ್ಲುತ್ತದೆ ಎಂದು ಅವರಿಗೆ ಖಾತ್ರಿಯಾಯಿತು.

ಆದ್ದರಿಂದ ಆ ಮನೆಯನ್ನು ಕೊನೆಗೆ ಇಟ್ಟುಕೊಂಡು ಮಿಕ್ಕ ಮನೆಗಳಿಗೆ ಹೊರಟರು. ತಪ್ಪಾಯಿತು ಎಂದು ಹೇಳಬೇಕು, ಮತ್ತೆ ಅಳೆಯಬೇಕು, ಮುಳ್ಳು ತೋರಿಸಿದ್ದನ್ನೇ ಬರೆಯಬೇಕು. ಪ್ರತಿ ಹತ್ತನೆಯ ಮನೆಗೆ ಸುಪ್ರಜಾ ಬಂದು, ಅವರ ಫಾರಂ ನೋಡದೆ ತಾನೇ ಅಳೆಯುತ್ತಿದ್ದಳು. ಜನ ರೇಗುತ್ತಾರೆಂದು ಅವರು ಹೆದರಿದ್ದರು. ಆದದ್ದೇ ಬೇರೆ. ನಿವೃತ್ತ ಮುಖ್ಯೋಪಾಧ್ಯಾಯಿನಿ ಶಿವಕುಮಾರಿ ತಮಗೆ ಬಿ.ಪಿ. ಇಲ್ಲವೆಂದು ಕೇಳಿ ಮುಖ ಗಂಟಿಕ್ಕಿದರು. "ನೋಡಿ ವೀರಭದ್ರಯ್ಯನವ್ರೇ, ಆ ಚೀಟಿ ಬಂದಾಗಿನಿಂದ ನನ್ನ ಮಕ್ಕಳಿಬ್ರೂ ನನ್ನ ಮುಂದೆ ದನಿ ಎತ್ತಿಲ್ಲ. ಈಗ ಬಂದು ವಾಪಸ್ ತಗೊಂಡು ಹೋಗ್ತೀನಿ ಅಂದ್ರೆ ಹೇಗೆ?" ಅವರ ಮನೆಯಲ್ಲಿ ಚೀಟಿ ಹಾಗೇ ಉಳಿಯಿತು, ಫಾರಂನಲ್ಲಿ ಮಾತ್ರ ನೂರ ಮೂವತ್ತಾರು ಎಂದು ದಾಖಲಾಯಿತು.

ಹಾಗೆ ಬರೆಯುವಾಗ ನೂರ ಇಪ್ಪತ್ತಾರು, ನೂರ ಮೂವತ್ನಾಲ್ಕು ಹೇಗೋ ಆಗುತ್ತಿತ್ತು. ಸೊನ್ನೆ ಬಂದರೆ ಮಾತ್ರ ಕಣ್ಣು ಮುಚ್ಚಿ ಬರೆದು, ಮನಸ್ಸಿನಲ್ಲಿ ಗಂಗಾಧರೇಶ್ವರನಿಗೆ ಕೈಮುಗಿಯುತ್ತಿದ್ದರು. ದೇವರಿಗೆ ಒಂದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬಾರದೆಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ.

ಕೊನೆಗೆ ಬದರೀನಾರಾಯಣರ ಮನೆಯೊಂದೇ ಉಳಿಯಿತು. ಅದು ಹತ್ತನೆಯ ಮನೆಯಲ್ಲ, ಸುಪ್ರಜಾ ಬರುವಂತಿರಲಿಲ್ಲ. ಅವರು ಏನು ಬರೆದರೂ ಕೇಳುವವರಿರಲಿಲ್ಲ. ಹಜಾರದಲ್ಲಿ ಗೆಳೆಯ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು, ತನ್ಮಯಿ ಒಳಗೆ ಸಪ್ಪೆ ಹುಳಿ ಕುದಿಸುತ್ತಿದ್ದಳು. ವೀರಭದ್ರಯ್ಯನವರು ನಿಂತೇ ಎಲ್ಲವನ್ನೂ ಹೇಳಿದರು.

"ನಿಮ್ಮದು ನೂರ ಮೂವತ್ತೆರಡಿತ್ತು. ನಂಗೆ ನೆನಪಿದೆ. ನಾನೇ ನೂರ ನಲವತ್ತೊಂದು ಮಾಡ್ದೆ."

ಬದರೀನಾರಾಯಣ ಪೇಪರನ್ನು ನಾಲ್ಕು ಮಡಿಕೆ ಮಾಡಿದರು. "ಒಂದು ವರ್ಷ ಸಪ್ಪೆ ತಿಂದಿದೀನಿ ಭದ್ರಯ್ಯ."

"ಗೊತ್ತು."

"ಯಾವ ಡಾಕ್ಟ್ರೂ ಹೇಳಿದ್ದಲ್ಲ. ನೀವು ಹೇಳಿದ್ದು ಅಂತ ತಿಂದೆ."

ವೀರಭದ್ರಯ್ಯನವರು ಚೀಲದಿಂದ ಯಂತ್ರ ತೆಗೆದರು. ಗೆಳೆಯ ತೋಳು ಚಾಚಿದರು. ಪಟ್ಟಿ ಸುತ್ತಿ ಗಾಳಿ ತುಂಬಿ ಬಿಟ್ಟರೆ ಮುಳ್ಳು ನೂರ ಐವತ್ತೆಂಟರಲ್ಲಿ ನಿಂತಿತು. ಅಷ್ಟೂ ಸಿಟ್ಟೇ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ನೂರ ಐವತ್ತೆಂಟು ಎಂದೇ ಬರೆದರು. ಎರಡನೆಯ ಸಲ ಅಳೆಯುವ ಮುಂಚೆ ಐದು ನಿಮಿಷ ಮಾತಿಲ್ಲದೆ ಕೂರಬೇಕು, ಚೀಟಿಗೆ ಆ ಎರಡನೆಯದೇ ಲೆಕ್ಕ ಎಂದು ಫಾರಂನಲ್ಲಿತ್ತು. ಕುಳಿತರು. ನಲವತ್ತು ವರ್ಷದಲ್ಲಿ ಅವರಿಬ್ಬರೂ ಐದು ನಿಮಿಷ ಬಾಯಿ ಮುಚ್ಚಿ ಎದುರುಬದುರು ಕೂತದ್ದು ಇದೇ ಮೊದಲು. ಎರಡನೆಯ ನಿಮಿಷದಲ್ಲಿ ಬದರೀನಾರಾಯಣ, ಗೆಳೆಯನ ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿರುವುದನ್ನು ನೋಡಿದರು. ನಾಲ್ಕನೆಯ ನಿಮಿಷದಲ್ಲಿ, ಆ ಕಣ್ಣು ತುಂಬಿರುವುದನ್ನು ನೋಡಿ ತಾವು ಕಿಟಕಿಯ ಕಡೆ ತಿರುಗಿದರು.

ಈ ಸಲ ಮುಳ್ಳು ನೂರ ನಲವತ್ತರಲ್ಲಿ ನಿಂತಿತು, ಗೀಟಿನ ಮೇಲೇ. ನಲವತ್ತು ದಾಟಿರಲಿಲ್ಲ, ಆದ್ದರಿಂದ ಚೀಟಿಯಿಲ್ಲ, ಮಿಡಿಯ ಜಾಡಿ ವಾಪಸು ಬರಬಹುದು. ವೀರಭದ್ರಯ್ಯನವರು ಒಂದು ಬರೆದರು, ನಾಲ್ಕು ಬರೆದರು. ಪೆನ್ನು ಅಲ್ಲೇ ನಿಂತಿತು. ಕಂಡ ಕಂಡವರಿಗೆಲ್ಲ ಒಂದೊಂದು ಇಟ್ಟು ಬಂದ ಕೈ, ಗೆಳೆಯನನ್ನೇ ಸೊನ್ನೆಗೆ ನಿಲ್ಲಿಸಬೇಕಾಗಿತ್ತು, ಅದೂ ಇವತ್ತು. ಕಣ್ಣು ಮುಚ್ಚದೆಯೇ ಸೊನ್ನೆ ಸುತ್ತಿದರು.

ಬದರೀನಾರಾಯಣ ಬಗ್ಗಿ ಫಾರಂ ನೋಡಿದರು, ಗೆಳೆಯನ ಮುಖ ನೋಡಿದರು. ಎದ್ದು ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಜೇಬಿಗೆ ಕೈಹಾಕಿ ಒಂದು ರೂಪಾಯಿಯ ನಾಣ್ಯ ಹುಡುಕಿ ತಂದು, ಆ ಸೊನ್ನೆಯ ಪಕ್ಕದಲ್ಲಿ ಇಟ್ಟರು.

"ನಾಳೆ ಆರು ಗಂಟೆಗೆ ಬಂದ್ಬಿಡಿ. ಗುಂಡಿ ಸರಿಯಾಗಿ ಹಾಕ್ಕೊಂಡು ಬನ್ನಿ."

ವೀರಭದ್ರಯ್ಯನವರು ಆ ನಾಣ್ಯವನ್ನು ಜೇಬಿಗೆ ಹಾಕಿಕೊಂಡು, ಕಣ್ಣೊರೆಸಿಕೊಂಡು, ಫಾರಂನ ಕೆಳಗೆ ವಿಶೇಷ ಸೂಚನೆ ಎಂದಿದ್ದ ಜಾಗದಲ್ಲಿ ದುಂಡಗೆ ಬರೆದರು: ಭಾಗವಹಿಸಿದವರು ಒಂದು ಇಟ್ಟರು. ಬಿ.ಪಿ.ಗೆ ಸೇರಿಸಿಲ್ಲ.