ಅಕ್ಕನ ತುಟಿಯ ಸೂಜಿ

ಅಕ್ಕನ ಎಡಗೈ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು. ಇಳಕಲ್ಲಿನ ಅಂಗಡಿಗಳಿಂದ ಬರುವ ಸೀರೆಗಳಿಗೆ ಕೈಯಿಂದಲೇ ಫಾಲ್ ಹಚ್ಚಿ ಬದುಕಿದವರು ಅವರು. ಎದುರಿಗಿದ್ದವರು ಮಾತು ಶುರು ಮಾಡಿದರೆ ಕೆಲಸ ನಿಲ್ಲಿಸಿ ಸೂಜಿಯನ್ನು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದರು. ಮಾತು ಮುಗಿಯುವವರೆಗೆ ಆ ಸೂಜಿ ಕದಲುತ್ತಿರಲಿಲ್ಲ. ಹಾಗೆ ಕೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮದು ತಗಡಿನ ಮಾಡಿನ ಚಿಕ್ಕ ಕ್ರೈಸ್ತ ಸಭೆ. ಪಾಸ್ಟರು ಹೆಂಗಸರನ್ನು ಇಬ್ಬಿಬ್ಬರಾಗಿ ಜೋಡಿ ಮಾಡಿದ್ದರು. ಪ್ರತಿ ಶುಕ್ರವಾರ ಒಬ್ಬರ ಮನಸ್ಸಿನ ಭಾರವನ್ನು ಇನ್ನೊಬ್ಬರು ಕೇಳಿ ಪ್ರಾರ್ಥಿಸಬೇಕು. ನನಗೆ ಸಿಕ್ಕವರು ಸಭೆಯವರೆಲ್ಲ ಅಕ್ಕ ಎನ್ನುತ್ತಿದ್ದ ಇವರು. ಹಾಸಿಗೆ ಹಿಡಿದ ಅತ್ತೆಯನ್ನು ಕೊನೆಯವರೆಗೂ ನೋಡಿಕೊಂಡವಳೆಂದು ಸಭೆಯಲ್ಲಿ ನನಗೆ ದೊಡ್ಡ ಹೆಸರು. ಎರಡನೆಯ ಶುಕ್ರವಾರವೇ ಅಕ್ಕನ ಮುಂದೆ ಬಾಯಿಬಿಟ್ಟೆ. ಕಡೆಯ ವರ್ಷವಿಡೀ ನಾನು ದೇವರಲ್ಲಿ ಬೇಡಿದ್ದು ಒಂದೇ, ಮುದುಕಿ ಬೇಗ ಸಾಯಲಿ ಎಂದು. ಅಕ್ಕ ಸೂಜಿ ತೆಗೆದು ಸೀರೆಯ ಅಂಚಿಗೆ ಚುಚ್ಚಿದರು.

"ಹೇಳಿದಿಯಲ್ಲವ್ವಾ, ಇನ್ನ ಹಗರಾಗು. ನನ್ನ ಕಡಿಂದ ಇದು ಎಲ್ಲೂ ಹೋಗೂದಿಲ್ಲ," ಎಂದು ಚಹಾ ಮಾಡಲು ಎದ್ದರು.

ಅವರು ತಮ್ಮದನ್ನು ಹೇಳಲು ಒಂದು ವರ್ಷ ಹಿಡಿಯಿತು. ಗೋವಾದಲ್ಲಿ ದುಡಿಯುತ್ತಾನೆಂದು ಎಲ್ಲರೂ ನಂಬಿದ್ದ ಅವರ ಗಂಡ ಬಾದಾಮಿಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಮಗಳನ್ನು ನೋಡಲು ಕೆರೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು.

"ಲಗ್ನ ಆಗೂಮಟ ಮಂದಿ ಬಾಯಿಗೆ ಬೀಳೂದು ಬ್ಯಾಡ. ದೇವ್ರಿಗಷ್ಟ ಹೇಳವ್ವಾ," ಎಂದರು ಅಕ್ಕ.

ಎರಡು ದಿನ ತಡೆಯಲಿಲ್ಲ ನನ್ನ ನಾಲಿಗೆ. ಭಾನುವಾರ ಪಾಸ್ಟರು ನನ್ನನ್ನು ಪ್ರಾರ್ಥನೆಗೆ ಎಬ್ಬಿಸಿದರು. "ಕರ್ತನೇ, ನಮ್ಮ ನಡುವೆ ಒಬ್ಬ ಸಹೋದರಿ ಇದ್ದಾಳೆ. ಗಂಡ ಗೋವಾದಲ್ಲಿದ್ದಾನೆಂದು ಹೇಳಿಕೊಂಡು ಕಣ್ಣೀರು ನುಂಗುತ್ತಾಳೆ. ಬಾದಾಮಿಯ ಆ ಮನೆಯಿಂದ ಅವನನ್ನು ತಿರುಗಿಸು," ಎಂದೆ. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲ ಕಡೆಯಿಂದ ಆಮೆನ್ ಕೇಳಿಬಂತು. ನನ್ನ ದನಿ ನನಗೇ ಇಂಪೆನಿಸಿ ಅದಕ್ಕೆ ಇನ್ನಷ್ಟು ಅಳು ಬೆರೆಸಿದೆ. ಥೂ, ನನ್ನ ಜನ್ಮಕ್ಕೆ!

ಮುಗಿದ ಮೇಲೆ ಹೆಂಗಸರು ಅಕ್ಕನನ್ನು ಮುತ್ತಿಕೊಂಡರು. ಮುಖ ಸಪ್ಪಗೆ ಮಾಡಿಕೊಂಡಿದ್ದರೂ ಕಣ್ಣುಗಳು ಅರಳಿದ್ದವು. "ನಿಮಗೋಸ್ಕರ ಉಪಾಸ ಮಾಡ್ತೇವ್ರಿ ಅಕ್ಕಾರ. ಆ ಬಾದಾಮಿಯಾಕಿ ಯಾರ ಪೈಕಿ ಅಂತ್ರಿ?" ಸಂಜೆಯೊಳಗೆ ಪ್ರಾರ್ಥನೆಯ ವಾಟ್ಸಾಪ್ ಗುಂಪಿನ ತುಂಬ ಕೈಮುಗಿದ ಚಿತ್ರಗಳು. ಇದನ್ನೇ ನಾವು ಆತ್ಮಿಕ ಸ್ನೇಹ ಎಂದು ಕರೆಯುತ್ತಿದ್ದೆವು! ಕೆರೂರಿನವರು ಬರಲೇ ಇಲ್ಲ.

ಶುಕ್ರವಾರ ಅಕ್ಕನ ಮನೆಗೆ ಹೋದೆ, ಬೈಯಿಸಿಕೊಳ್ಳಲೆಂದೇ. ಅವರು ಎಂದಿನಂತೆ ಚಾಪೆ ಹಾಸಿದರು.

"ಪ್ರಾರ್ಥನಿ ಮಾಡಿದ್ನಿರಿ ಅಕ್ಕಾರ, ಬ್ಯಾರೆ ಏನಿಲ್ಲರಿ," ಎಂದೆ.

"ದೇವ್ರು ಕಿವುಡ ಏನವ್ವಾ? ಅಷ್ಟು ಜೋರಾಗಿ ಯಾರಿಗೆ ಹೇಳಿದಿ?"

ಸೀರೆಯನ್ನು ಮಡಿಲಿಗೆಳೆದುಕೊಂಡು ಅವರೇ, "ಹೂಂ, ನಿನ್ನ ಭಾರ ಹೇಳು," ಎಂದು ಸೂಜಿ ಕಚ್ಚಿಕೊಂಡರು.

ಆಮೇಲೆ ಆರು ವರ್ಷ ನನ್ನದನ್ನೆಲ್ಲ ಕೇಳಿದರು. ತಮ್ಮದು ಒಂದು ಮಾತೂ ಹೇಳಲಿಲ್ಲ. ಮಗಳ ಲಗ್ನ ಕಡೆಗೆ ಹುನಗುಂದದಲ್ಲಿ ನಿಶ್ಚಯವಾದದ್ದು ಲಗ್ನಪತ್ರಿಕೆ ಬಂದಾಗಲೇ ನನಗೆ ತಿಳಿದದ್ದು. ಎದೆಯಲ್ಲಿ ಗಡ್ಡೆಯಾದದ್ದನ್ನೂ ಹೇಳಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಅವರು ಮಲಗಿದ ಮೇಲೆ ಬೇರೆಯವರಿಂದ ಕೇಳಿದೆ. ಹೇಳಲು ಅವರಿಗೆ ನನ್ನನ್ನು ಬಿಟ್ಟರೆ ಇನ್ನು ಯಾರಿದ್ದರು? ನಾನೂ ಇರಲಿಲ್ಲ.

ಹೋದ ತಿಂಗಳು ಅವರನ್ನು ಮಣ್ಣು ಮಾಡಿದೆವು. ಅದೇ ಹೆಂಗಸರು "ನಮ್ಮ ಜೀವದ ಗೆಳತಿ" ಎಂದು ಸಾಕ್ಷಿ ಹೇಳಿ ಕಣ್ಣೊರೆಸಿಕೊಂಡರು. ಪಾಸ್ಟರು ನನ್ನ ಕಡೆ ತಿರುಗಿ, "ಅತ್ತಿ ಸೇವಾ ಮಾಡಿದ ನಮ್ಮ ಸಹೋದರಿ ಈಗ ಪ್ರಾರ್ಥನಿ ಮಾಡ್ತಾರ," ಎಂದರು. ಎಲ್ಲರೂ ಗೌರವದಿಂದ ದಾರಿ ಬಿಟ್ಟರು. ಅಷ್ಟು ವರ್ಷವಾದರೂ ಅತ್ತೆಯ ವಿಷಯದ ನನ್ನ ಮಾತು ಅಕ್ಕನ ಬಾಯಿಂದ ಹೊರಗೆ ಬಿದ್ದಿರಲಿಲ್ಲ.

ಶವಪೆಟ್ಟಿಗೆಯ ಮುಂದೆ ನಿಂತೆ. ಆಮೆನ್ ಹೇಳಲು ಎಲ್ಲರೂ ಕಾಯುತ್ತಿದ್ದರು. ನಾನು ಬಾಯಿ ತೆರೆಯಲಿಲ್ಲ.