ತಾಟಿನ ಅಕ್ಕಿಯಲ್ಲಿ ಬರೆದ ಹೆಸರು

ನಿಮ್ಮ ದೊಡ್ಡಕ್ಕನ ತಂದೆ-ತಾಯಿ ತೀರಿಕೊಂಡಾಗ ಅವಳಿನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಕರಜಗಿಯ ಹೊಲ ಅವಳ ಹೆಸರಿಗೆ ಬಂತು. ಸೊಲ್ಲಾಪುರದ ಕೋರ್ಟು ಅಜ್ಜಿಯಾದ ನನ್ನನ್ನು ಅವಳ ಪಾಲಕಿ ಎಂದು ನೇಮಿಸಿತು. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅವಳ ಹೆಸರಿನ ಜೊತೆ ಪಾಲಕಿಯೆಂದು ನನ್ನ ಹೆಸರೂ ಸೇರಿತು. ಅವಳಿಗೆ ಹದಿನೆಂಟು ತುಂಬಿದ ಮೇಲೆ ಅದನ್ನು ತೆಗೆಸುವುದು ಒಂದು ದಿನದ ಕೆಲಸವೆಂದು ನಾನು ತಿಳಿದಿದ್ದೆ.

ಅವಳಿಗೆ ಹದಿನೆಂಟಾದಾಗ ಅಕ್ಕಲಕೋಟೆಯ ತಹಶೀಲ್ದಾರ ಕಚೇರಿಗೆ ಹೋದೆವು. ಗುಮಾಸ್ತ ಕೋರ್ಟಿನ ಆದೇಶವನ್ನೂ ಉತಾರವನ್ನೂ ಪಕ್ಕಪಕ್ಕ ಇಟ್ಟು ನೋಡಿದ.

"ಆಯಿ, ಕೋರ್ಟಿನ ಕಾಗದದಾಗ ಒಬ್ಬಾಕಿ ಹೆಸರು ಐತಿ, ಉತಾರದಾಗ ಇನ್ನೊಬ್ಬಾಕಿದು. ಆ ಇನ್ನೊಬ್ಬಾಕಿನ್ನ ಕರಕೊಂಡ ಬರ್ರಿ."

"ಆಕಿನೂ ನಾನ ರೀ," ಎಂದೆ.

ನಮ್ಮಲ್ಲಿ ಮದುವೆಯಲ್ಲಿ ತಾಟಿನ ತುಂಬ ಅಕ್ಕಿ ಹರವಿ, ಮದುಮಗ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಕೋರ್ಟಿನಲ್ಲಿ ವಕೀಲರು ನನ್ನ ಶಾಲೆಯ ದಾಖಲೆ ನೋಡಿ ತವರಿನ ಹೆಸರು ಕೊಟ್ಟಿದ್ದರು. ಊರಿನ ಹೊಲದ ಲೆಕ್ಕ ಬರೆಯುವ ತಲಾಠಿ ರೇಶನ್ ಕಾರ್ಡು ನೋಡಿ ಗಂಡನ ಮನೆಯ ಹೆಸರು ಬರೆದಿದ್ದ. ಎರಡೂ ನನ್ನವೇ ಎಂಬುದಕ್ಕೆ ಏನು ತೋರಿಸಲಿ? ನನ್ನ ಹೆಸರು ಬರೆದ ಆ ಅಕ್ಕಿಯನ್ನು ಮದುವೆಯ ಮರುದಿನವೇ ಅನ್ನ ಮಾಡಿ ಉಂಡಿದ್ದೆವು.

ಅಫಿಡವಿಟ್ ಮಾಡಿಸಿ ಕೊಟ್ಟೆವು. ಅದು ಸಾಲದು, ಕೋರ್ಟಿನ ಆದೇಶವನ್ನೇ ತಿದ್ದಿಸಿಕೊಂಡು ಬನ್ನಿ ಎಂದರು ಕಚೇರಿಯವರು. ಎಸ್‌ಟಿ ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಹೋದರೆ, ಹುಡುಗಿ ದೊಡ್ಡವಳಾದಳು, ಪಾಲನೆ ಮುಗಿಯಿತು, ಇನ್ನು ತಿದ್ದುವುದೇನು ಎಂದರು ವಕೀಲರು. ಇತ್ತ ಹೊಲಕ್ಕೆ ನೀರಿನ ಪೈಪು ಹಾಕಿಸಲೂ ನಿಮ್ಮಕ್ಕನ ಸಹಿ ನಡೆಯುತ್ತಿರಲಿಲ್ಲ.

"ನಿನ್ನ ಕೈಯಾಗಿಂದ ಬಿಡಿಸಿಕೊಳ್ಳೂದ್ರಾಗ ನಾನೂ ಮುದುಕಿ ಆಗ್ತೀನಿ ನೋಡ, ಆಯಿ," ಎಂದು ಬಸ್ಸಿನಲ್ಲಿ ಅವಳು ಸಿಡುಕಿದಳು. ನನಗೂ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅವಳ ಮದುವೆ ಗೊತ್ತಾಯಿತು. ಸೊಲ್ಲಾಪುರದ ಬಟ್ಟೆ ಅಂಗಡಿಯವರು. ಹುಡುಗನ ತಾಯಿ ಮನೆಗೆ ಬಂದವರು ಚಹಾ ಕುಡಿಯುತ್ತ, "ಹುಡುಗಿಗೆ ಚಂದನ್ನ ಹೆಸರು ಆರಿಸಿ ಇಟ್ಟೀವ್ರಿ," ಎಂದರು.

ನಾಳೆ ಆ ಗುಮಾಸ್ತನ ಮುಂದೆ ಇವಳೂ ಇಬ್ಬರಾಗುತ್ತಾಳಲ್ಲ! ಬೀಗರ ಎದುರು ಎಂದೂ ಬಾಯಿ ಬಿಡದವಳು ನಾನು. ಸೆರಗು ಹೊದ್ದುಕೊಂಡು, "ಹೆಸರು ಬದಲ ಮಾಡಬ್ಯಾಡ್ರಿ," ಎಂದೆ.

"ಅಯ್ಯ, ಹಂಗಾದ್ರ ತಾಟಿನ್ಯಾಗ ಏನ ಬರೀಬೇಕ್ರಿ?"

"ಈಗ ಇರೂ ಹೆಸರನ್ನ ಬರೀಲ್ರಿ."

ಅವರು ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು. ನಿಮ್ಮಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಬೀಗತಿ ಅವಳತ್ತ ನೋಡಿ, "ಆತ್ರಿ," ಎಂದರು.

ಉತಾರದಿಂದ ನನ್ನ ಹೆಸರು ಇನ್ನೂ ಹೋಗಿಲ್ಲ. ಸೋಮವಾರ ಮತ್ತೆ ಬರಲು ಹೇಳಿದ್ದಾರೆ.