ಅಣ್ಣ ಹುಟ್ಟಿದ ಊರು

ಅಣ್ಣ ಹುಟ್ಟಿದ್ದು ಬರಗೂರಿನಲ್ಲಿ. ಈ ಒಂದು ಮಾತನ್ನು ಹೇಳಬೇಕಾದ ದಿನ ನಾನು ಹೇಳಲಿಲ್ಲ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಬರೆಯಲು ಬರುವುದು ಅಷ್ಟಕ್ಕಷ್ಟೆ. ಆದರೂ ಇದನ್ನು ನಾನೇ ಬರೆಯಬೇಕು.

ಆಗೆಲ್ಲ ಬೇಸಿಗೆ ಬಂತೆಂದರೆ ನಮ್ಮ ಸುತ್ತಿನ ಊರುಗಳಲ್ಲಿ ಕೊಯ್ಲಾದ ಹೊಲವೆಲ್ಲ ಕ್ರಿಕೆಟ್ ಮೈದಾನವಾಗುತ್ತಿತ್ತು. ದೊಡ್ಡೇರಿ ಪಕ್ಕದ ನಮ್ಮೂರಿನಲ್ಲಿ ಅಣ್ಣ ನಾಗರಾಜ ಹೊಡೆದ ಟೆನಿಸ್ ಬಾಲು ಹುಣಸೆಮರ ದಾಟಿ ಬೀಳುತ್ತಿತ್ತು. ಬೇರೆ ಊರಿನವರು ಬೈಕಿನಲ್ಲಿ ಬಂದು ಅವನನ್ನು ಆಡಲು ಕರೆದೊಯ್ಯುತ್ತಿದ್ದರು. ಹೊಟ್ಟೆ ತುಂಬ ಕೋಳಿಸಾರು, ಕೈಗೊಂದಿಷ್ಟು ಕಾಸು. ಆಟ ಆಡಿ ದುಡಿದವನು ನಮ್ಮ ಕಡೆ ಅವನೇ ಮೊದಲು. ಹದಿನೆಂಟಕ್ಕೇ 'ಸಿಕ್ಸರ್ ನಾಗ' ಆಗಿಬಿಟ್ಟಿದ್ದ.

ಮನೆಯಲ್ಲಿದ್ದುದು ಒಂದೇ ಕೋಳಿ. ಅದರ ಮೊಟ್ಟೆ ಅಣ್ಣನಿಗೆ. "ಅವ್ನು ಬ್ಯಾಟು ಬೀಸ್ಬೇಕು ಕಣೇ. ನೀನೇನು ಬೀಸ್ತೀಯ, ಕಸಬರ್ಕೆ ತಾನೇ?" ಎನ್ನುತ್ತಿದ್ದಳು ಅಮ್ಮ. ಸಿಪ್ಪೆಗೆ ಅಂಟಿದ ಬಿಳಿಯನ್ನು ನಾನು ಉಗುರಿನಿಂದ ಕೆರೆದು ತಿನ್ನುತ್ತಿದ್ದೆ.

ಆ ವರ್ಷ ಮಧುಗಿರಿಯಲ್ಲಿ ದೊಡ್ಡ ಟೂರ್ನಿ. ತಂಡದಲ್ಲಿ ಆಯಾ ಊರಿನವರು, ಇಲ್ಲವೇ ಅಲ್ಲಿ ಹುಟ್ಟಿದವರು ಮಾತ್ರ ಇರಬೇಕೆಂಬ ಕಟ್ಟಳೆ. ಚೊಚ್ಚಲ ಹೆರಿಗೆ ತವರಿನಲ್ಲೇ ಅಲ್ಲವೇ? ಅಮ್ಮನ ತವರು ಬರಗೂರು. ಹಾಗಾಗಿ ಬರಗೂರಿನವರು ಅಣ್ಣನನ್ನು ಟೆಂಪೋ ಹತ್ತಿಸಿಕೊಂಡರು. ಮಧುಗಿರಿಯ ಏಕಶಿಲಾ ಬೆಟ್ಟ ನೋಡಬೇಕೆಂದು ನಾನು ಅತ್ತದ್ದಕ್ಕೆ ಅಣ್ಣ ನನ್ನನ್ನೂ ಕರೆದುಕೊಂಡ. ನನಗಾಗ ಹನ್ನೆರಡು.

ಬೆಟ್ಟದ ಬಂಡೆಯ ಕಾವು ಮೈದಾನಕ್ಕೆಲ್ಲ ಬಡಿಯುತ್ತಿತ್ತು. ನಾನು ಐಸ್‌ಕ್ಯಾಂಡಿ ಕೇಳಿದೆ. ಆಟಕ್ಕೆ ಅಣಿಯಾಗುತ್ತಿದ್ದ ಅಣ್ಣ ಜೊತೆಯವರ ಮುಂದೆ, "ಮೊದ್ಲು ಶೂ ಒರ್ಸೇ, ಕೆಲ್ಸದೋಳೇ" ಎಂದ. ಎಲ್ಲರೂ ನಕ್ಕರು. ಒರೆಸಿದೆ.

ಅಣ್ಣ ಎರಡು ಓವರಿನಲ್ಲಿ ಆಟ ಮುಗಿಸಿಬಿಟ್ಟ. ಸೋತವರು ಸುತ್ತುವರಿದರು. "ಇವ್ನು ದೊಡ್ಡೇರಿ ಕಡೆಯೋನು! ಬಾಡ್ಗೆಗೆ ಬಂದವ್ನೆ!" ಬರಗೂರಿನವರು, "ನಮ್ಮೂರಲ್ಲೇ ಹುಟ್ಟಿದ್ದು" ಎಂದು ಕೂಗಿದರು. ಯಾರೂ ನಂಬಲಿಲ್ಲ. ಆಗ ಟೂರ್ನಿ ನಡೆಸುತ್ತಿದ್ದ ಯಜಮಾನರು ನನ್ನನ್ನು ಕರೆದರು.

"ಮಗ, ನೀನು ಇವನ ತಂಗಿ ತಾನೇ? ನಿಜ ಯೋಳು. ನಿಮ್ಮಣ್ಣ ಹುಟ್ಟಿದ್ದು ಎಲ್ಲಿ?"

ಅಣ್ಣ ನನ್ನತ್ತ ನೋಡಿ ನಕ್ಕ. ಉತ್ತರ ನನಗೆ ಗೊತ್ತೆಂಬ ಧೈರ್ಯ ಅವನಿಗೆ. ಅವನು ಹುಟ್ಟಿದ ಕೋಣೆ, ಅಜ್ಜಿ ಹಚ್ಚಿದ ಬೇವಿನ ಹೊಗೆ, ಎಲ್ಲವನ್ನೂ ಅಮ್ಮ ನೂರು ಸಲ ಹೇಳಿದ್ದಳು.

"ಗೊತ್ತಿಲ್ಲ" ಎಂದೆ.

ಯಜಮಾನರು ಎದ್ದು ಹೋದರು. ಬರಗೂರಿನವರು ಟೆಂಪೋ ಕಡೆ ಓಡಿದರು. ಸಿಕ್ಕಿಬಿದ್ದವನು ಅಣ್ಣನೊಬ್ಬನೇ. ಸೋತವರಲ್ಲಿ ಇಬ್ಬರು ಅವನ ಬಲಗೈಯನ್ನು ಕಲ್ಲುಚಪ್ಪಡಿಯ ಮೇಲೆ ಒತ್ತಿ ಹಿಡಿದರು.

"ಈ ಕೈನೇ ಅಲ್ವೇನ್ಲಾ ಬಾಡ್ಗೆಗೆ ಬುಟ್ಟಿರೋದು?" ಎಂದು ಒಬ್ಬ ವಿಕೆಟ್ ಗೂಟ ಎತ್ತಿದ.

ಮೂರು ಏಟು. ಮೂರನೆಯದು ಬೀಳುವವರೆಗೂ ನಿಜ ಹೇಳಲು ನನಗೆ ಬಾಯಿತ್ತು. ಬಾಯಿ ಬಿಡಲಿಲ್ಲ.

ಕೈಗೆ ಟವೆಲ್ ಸುತ್ತಿಕೊಂಡು ಅಣ್ಣ ಬಸ್‌ಸ್ಟ್ಯಾಂಡಿನವರೆಗೆ ನಡೆದ. ಎಡಗೈಯಲ್ಲಿ ನನಗೊಂದು ಐಸ್‌ಕ್ಯಾಂಡಿ ಕೊಡಿಸಿದ. "ಹೆದ್ರುಕೊಂಡ್ಬುಟ್ಯಾ? ಅಷ್ಟು ಜನ ಮುತ್ಕೊಂಡ್ರೆ ಯಾರಿಗೇ ಆಗ್ಲಿ ಮರ್ತೋಗುತ್ತೆ ಬುಡು" ಎಂದ. ನಾನು ಅದನ್ನು ಕಡ್ಡಿಯವರೆಗೂ ಚೀಪಿದೆ.

ನಾಟಿ ವೈದ್ಯರು ಕಟ್ಟಿದ ಬೆರಳು ಸೊಟ್ಟಗೆ ಕೂಡಿಕೊಂಡವು. ಹೆಗಲ ಮೇಲೆ ಹೊತ್ತು ಕುಣಿದಿದ್ದ ಊರಿನವರೇ, "ಏನ್ಲಾ ನಾಗ, ಚಮಚ ಎತ್ತೋಕಾಯ್ತದಾ?" ಎನ್ನತೊಡಗಿದರು. ಕೆಲವು ದಿನ ಕಳೆದ ಮೇಲೆ ಮೊಟ್ಟೆ ನನ್ನ ತಟ್ಟೆಗೆ ಬಂತು.

ಈಗ ಅದೇ ಮಧುಗಿರಿಯಲ್ಲಿ ಬೇರೆ ಊರಿನ ಆಟಗಾರರನ್ನು ಮೈಕಿನಲ್ಲಿ ಹೆಸರು ಕೂಗಿ ಬರಮಾಡಿಕೊಳ್ಳುತ್ತಾರೆ, ಹಾರ ಹಾಕುತ್ತಾರೆ. ಯಾರೂ ಹುಟ್ಟಿದ ಊರು ಕೇಳುವುದಿಲ್ಲ. ಅಲ್ಲೇ ಅಂಗಡಿಯೊಂದರಲ್ಲಿ ವಾಚ್‌ಮನ್ ಆಗಿರುವ ಅಣ್ಣ ಹಗ್ಗದಾಚೆ ನಿಂತು ನೋಡುತ್ತಾನೆ. ಅವನ ಆಟ ನಡೆದದ್ದು ಎರಡೇ ಬೇಸಿಗೆ. ಅದನ್ನು ಕಂಡವರೂ ಈಗ ಹೆಚ್ಚಿಲ್ಲ.

ಹೋದ ತಿಂಗಳು ನನ್ನ ಮಗಳ ಮದುವೆ. ಬೆಳಿಗ್ಗೆ ಅಣ್ಣ ಹೊಸ ಶರ್ಟಿನಲ್ಲಿ ನನ್ನ ಮುಂದೆ ಬಂದು ನಿಂತ. ಗುಂಡಿ ಹಾಕಿಕೊಳ್ಳಲು ಅವನ ಬೆರಳು ಬಗ್ಗುವುದಿಲ್ಲ.

"ಬೇಗ ಹಾಕೇ, ಗಂಡಿನ ಕಡೆಯೋರು ಬಂದ್ಬುಟ್ರು."

ಎರಡನೇ ಗುಂಡಿಗೆ ನನ್ನ ಕೈ ನಿಂತಿತು.

"ಅಣ್ಣ, ನಾನು ಮರ್ತಿರಲಿಲ್ಲ. ನೀನು ಬರಗೂರಲ್ಲಿ ಹುಟ್ಟಿದ್ದು ಅಂತ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ, ಬೇಕೂಂತ್ಲೇ ಗೊತ್ತಿಲ್ಲ ಅಂದೆ. ತಪ್ಪಾಯ್ತು ಕಣಣ್ಣ."